ಗುದ್ದಲಿ ಹಿಡಿದ ಕೈಗಳಿಗೆ ನಮಸ್ಕಾರ

ಶಾಸಕರ ಸಂಬಳ ತಿಂಗಳಿಗೆ 40 ಸಾವಿರದಿಂದ 80 ಸಾವಿರಕ್ಕೆ ಏರಿದ್ದಕ್ಕೆ ಇನ್ನೂ ಗೊಣಗುವವರಿದ್ದಾರೆ. ಹೊಟ್ಟೆಕಿಚ್ಚು, ಬೇರೇನಲ್ಲ. 2025ರ ಮಾರ್ಚ್ 21ರಂದು ಆ ಮಹನೀಯರು ಪಟ್ಟ ಪಾಡನ್ನು ನೆನೆಯಿರಿ. ಕಾಗದ ಹರಿದು ಸ್ಪೀಕರ್ ಪೀಠದತ್ತ ತೂರಿದರು, ಮಾರ್ಷಲ್‌ಗಳ ಕೈಯಲ್ಲಿ ಹೊರಸಾಗಿಸಿಕೊಂಡರು, 18 ಮಂದಿ ಅಮಾನತಾದರು. ಅಷ್ಟೆಲ್ಲ ಗದ್ದಲದ ನಡುವೆಯೂ ಸಂಬಳದ ಮಸೂದೆ ಮಾತ್ರ ಚರ್ಚೆಯ ಹಂಗಿಲ್ಲದೆ ಪಾಸಾಯಿತು. ಪಕ್ಷಭೇದ ಮರೆಯುವುದು ಎಂದರೆ ಇದು.

ಅದೇ ಅಧಿವೇಶನಕ್ಕೆ ಮುಂಚೆ, ಊಟದ ಮೇಲೆ ಶಾಸಕರು ಮಾಯವಾಗದಿರಲೆಂದು ವಿಧಾನಸೌಧಕ್ಕೆ ರಿಕ್ಲೈನರ್ ಕುರ್ಚಿ ತರಿಸುವ ಸುದ್ದಿಯೂ ಬಂದಿತ್ತು. ಬೆಂಗಳೂರಿನವರು ನಕ್ಕರು. ಮಲೆನಾಡಿನವರು ನಗಲಿಲ್ಲ. ನಮ್ಮ ಜಗಲಿಗಳಲ್ಲಿ ಆರಾಮ ಕುರ್ಚಿಗೆ ತಲೆಮಾರುಗಳ ಮರ್ಯಾದೆಯಿದೆ. ಹಲಸಿನ ಹುಳಿಯ ಮೇಲೆ ಒಂದು ಎಲೆಯಡಿಕೆ ಕವಳ ಹಾಕಿ ಅದರಲ್ಲಿ ಒರಗಿದ ಅಜ್ಜನನ್ನು ಭೂಕಂದಾಯದ ನೋಟಿಸೂ ಎಬ್ಬಿಸಲಾರದು. ಆದರೆ ಅಜ್ಜ ಆ ಕುರ್ಚಿಯನ್ನು ಸ್ವಂತ ದುಡ್ಡಿನಲ್ಲಿ ಮಾಡಿಸಿದ್ದ. ಮಲಗಿದ್ದಕ್ಕೆ ಭತ್ಯೆ ಕೇಳಿದವನೂ ಅಲ್ಲ.

ಶಾಸಕರಾಗುವುದು ಸುಲಭವೆಂದು ತಿಳಿಯಬೇಡಿ. ಹಿಂದೆ ಗಣಪತಿ ಸಮಿತಿ, ಸೊಸೈಟಿ, ತಾಲ್ಲೂಕು ಪಂಚಾಯಿತಿ, ಜಿಲ್ಲಾ ಪಂಚಾಯಿತಿ ಎಂದು ಮೆಟ್ಟಿಲು ಹತ್ತಬೇಕಿತ್ತು. 2021ರಲ್ಲಿ ಅವಧಿ ಮುಗಿದ ಪಂಚಾಯಿತಿಗಳಿಗೆ ವರ್ಷಗಟ್ಟಲೆ ಚುನಾವಣೆಯನ್ನೇ ನಡೆಸದೆ ಆ ಮೆಟ್ಟಿಲುಗಳನ್ನು ಕಿತ್ತಿಟ್ಟರು. ಈಗ ಮೇಲಿನಿಂದಲೇ ಇಳಿದು ಬರುವವರಿಗೆ ಅನುಕೂಲ. ಸೊರಬದಲ್ಲಿ 2018ರಲ್ಲಿ ಅಣ್ಣ, 2023ರಲ್ಲಿ ತಮ್ಮ. ಶಿಕಾರಿಪುರದಲ್ಲಿ ಅಪ್ಪನ ನಂತರ ಮಗ. ಮತದಾರನಿಗೂ ಹೊಸ ಹೆಸರು ಬಾಯಿಪಾಠ ಮಾಡುವ ಶ್ರಮ ಉಳಿಯಿತು.

ಗೆದ್ದ ಮೇಲೆ ಗುದ್ದಲಿ ಪೂಜೆ. ಇದನ್ನು ಹತ್ತಿರದಿಂದ ನೋಡದವರ ಜನ್ಮ ವ್ಯರ್ಥ. ಬೆಲೆಚೀಟಿಯನ್ನೂ ಕೀಳದ ಹೊಸ ಗುದ್ದಲಿ, ಹಿಡಿಗೆ ಸೇವಂತಿಗೆ ಮಾಲೆ, ಅಲಗಿಗೆ ಅರಿಶಿನ ಕುಂಕುಮ. ಜಂಬಿಟ್ಟಿಗೆ ನೆಲ ಶಾಸಕರ ಕೈ ನೋಯಿಸೀತೆಂದು ಗುತ್ತಿಗೆದಾರ ಹಿಂದಿನ ಸಂಜೆಯೇ ಮೆತ್ತನೆಯ ಮಣ್ಣು ತಂದು ಗುಡ್ಡೆ ಹಾಕಿಸಿರುತ್ತಾನೆ. ಹಿಡಿಯ ಮೇಲೆ ಜಾಗ ಸಿಗದವರು ಶಾಸಕರ ಮೊಣಕೈ ಹಿಡಿಯುತ್ತಾರೆ. ‘ಸಾರ್, ಇನ್ನೊಂದು ಸಲ’ ಎಂದು ಫೋಟೋದವನು ಕೂಗಿದರೆ ಅಗೆದ ಮಣ್ಣನ್ನೇ ಮತ್ತೆ ಅಗೆಯುತ್ತಾರೆ. ಕೇಸರಿಬಾತ್ ಮುಗಿದೊಡನೆ ಗುದ್ದಲಿ ಮುಂದಿನ ಊರಿಗೆ ಹೊರಡುತ್ತದೆ. ರಸ್ತೆ ಅಲ್ಲೇ ಉಳಿಯುತ್ತದೆ, ಮುಂದಿನ ಶಾಸಕರ ಪೂಜೆಗೆ.

ಕೆಲಸ ಅಪ್ಪಿತಪ್ಪಿ ಮುಗಿದರೆ ಇನ್ನೊಂದು ಸಂಕಟ: ಫಲಕದಲ್ಲಿ ಯಾರ ಹೆಸರು ಮೇಲೆ? ಶರಾವತಿ ಹಿನ್ನೀರಿನ ಸಿಗಂದೂರು ಸೇತುವೆಗೆ 2018ರಲ್ಲಿ ಶಂಕುಸ್ಥಾಪನೆ, 2025ರ ಜುಲೈ 14ರಂದು ಉದ್ಘಾಟನೆ. ಲಾಂಚಿಗೆ ಕಾದು ಕಾದು ಕೂದಲು ನರೆತ ತುಮರಿ ಕಡೆಯವರು ಅಂದು ಹಿನ್ನೀರು ದಾಟುವ ಸಂಭ್ರಮದಲ್ಲಿದ್ದರೆ, ದೊಡ್ಡವರೆಲ್ಲ ಆಹ್ವಾನ ಸಿಕ್ಕಿತೇ ಇಲ್ಲವೇ ಎಂಬ ಆಳದಲ್ಲಿ ಮುಳುಗಿದ್ದರು.

ಮುಳುಗುವ ಮಾತು ಬಂತು. ವಿದ್ಯುತ್ತಿಗಾಗಿ ಶರಾವತಿಗೆ ಕಟ್ಟಿ ಊರುಗಳನ್ನು ಮುಳುಗಿಸಿದ ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ‘ನಾಡಿಗೆ ಬೆಳಕು ಕೊಟ್ಟವರು ಕತ್ತಲಲ್ಲಿದ್ದಾರೆ’ ಎಂಬ ಸಾಲು ಅಂದಿನಿಂದ ಎಷ್ಟು ಭಾಷಣಗಳಿಗೆ ಅನ್ನ ಹಾಕಿದೆಯೋ! ಹೇಳುವಾಗ ಗಂಟಲು ಎಲ್ಲಿ ಗದ್ಗದವಾಗಬೇಕೆಂಬುದೂ ಪಕ್ಷಾತೀತವಾಗಿ ನಿಗದಿಯಾಗಿದೆ. ಮುಳುಗಡೆಯಾದವರ ಮೊಮ್ಮಕ್ಕಳು ಇಂದಿಗೂ ಹಕ್ಕುಪತ್ರಕ್ಕಾಗಿ ಪ್ಲಾಸ್ಟಿಕ್ ಚೀಲದಲ್ಲಿ ದಾಖಲೆ ಸುತ್ತಿಕೊಂಡು ತಾಲ್ಲೂಕು ಕಚೇರಿ ಅಲೆಯುತ್ತಿದ್ದಾರೆ. ಅರಣ್ಯ ಇಲಾಖೆ ಕಂದಾಯ ಇಲಾಖೆಯನ್ನು ತೋರಿಸುತ್ತದೆ, ಕಂದಾಯ ಇಲಾಖೆ ಅರಣ್ಯ ಇಲಾಖೆಯನ್ನು. ಸರ್ಕಾರಿ ಜಮೀನಿನ ಸಾಗುವಳಿಯನ್ನು ಸಕ್ರಮ ಮಾಡುವ ಬಗರ್ ಹುಕುಂ ಸಮಿತಿಗೆ ಶಾಸಕರೇ ಅಧ್ಯಕ್ಷರು, ಆದರೆ ಸಭೆಗೆ ಅವರಿಗೆ ಪುರುಸೊತ್ತಿಲ್ಲ. ಮಳೆಗಾಲದಲ್ಲಿ ಮಕ್ಕಳು ಹಳ್ಳಕ್ಕೆ ಹಾಸಿದ ಅಡಿಕೆ ದಬ್ಬೆಯ ಕಾಲುಸಂಕದ ಮೇಲೆ ಜೀವ ಕೈಯಲ್ಲಿ ಹಿಡಿದು ಶಾಲೆಗೆ ಹೋಗುತ್ತಾರೆ. ಊರಿನವರೇ ಪ್ರತಿವರ್ಷ ಕಟ್ಟುವ ಸಂಕ ಅದು, ಪ್ರತಿವರ್ಷ ಕೊಚ್ಚಿಹೋಗುತ್ತದೆ. ಇದರಲ್ಲಿ ತಮಾಷೆ ಮಾಡುವುದಕ್ಕೆ ಏನೂ ಇಲ್ಲ. ಅರವತ್ತು ವರ್ಷ ಸಾಲದೇ ನಿಮಗೆ? ನಾಚಿಕೆಯಾಗುವುದಿಲ್ಲವೇ?

ಇದೇ ಮುಳುಗಡೆ ಸೀಮೆಯ ಸಾಗರ–ಹೊಸನಗರದಿಂದ 1952ರಲ್ಲಿ ಶಾಂತವೇರಿ ಗೋಪಾಲಗೌಡರೆಂಬ ಸಮಾಜವಾದಿ ಗೆದ್ದಿದ್ದರು. ಹಿಂದಿನ ವರ್ಷವಷ್ಟೇ ಕಾಗೋಡಿನಲ್ಲಿ ಗೇಣಿದಾರರ ಸತ್ಯಾಗ್ರಹ ನಡೆದಿತ್ತು. ಓಟಿನ ಜೊತೆ ಜನರೇ ನೋಟನ್ನೂ ಕೊಟ್ಟು ಗೆಲ್ಲಿಸಿದರೆಂದು ಹಳಬರು ಹೇಳುತ್ತಾರೆ. ವ್ಯವಹಾರಜ್ಞಾನವೇ ಇಲ್ಲದ ಎಂಥ ಮನುಷ್ಯ! ನೋಟು ಯಾವ ದಿಕ್ಕಿಗೆ ಹರಿಯಬೇಕೆಂಬುದೇ ತಿಳಿದಿರಲಿಲ್ಲ. ಈಗಿನವರು ಅದನ್ನು ಸರಿಪಡಿಸಿಕೊಂಡು, ಜಯಂತಿಯ ದಿನ ಅವರ ಫೋಟೋಕ್ಕೆ ತಪ್ಪದೆ ಹಾರ ಹಾಕುತ್ತಾರೆ.

ನಾವೇನು ಕಡಿಮೆಯೇ? ಸದನದಲ್ಲಿ ನಮ್ಮ ಶಾಸಕರು ಬಾಯಿ ಬಿಟ್ಟರೋ ಇಲ್ಲವೋ ಕೇಳಿದವರಿಲ್ಲ. ಮಗಳ ಮದುವೆಗೆ ಬರಲಿಲ್ಲವೆಂದು ಐದು ವರ್ಷ ಹಲ್ಲು ಕಡಿಯುತ್ತೇವೆ. ಬಂದು ಎರಡು ಕಾಳು ಅಕ್ಷತೆ ಹಾಕಿ, ‘ಊಟ ಜೋರಾಗಿದೆ ಮಾರಾಯರೇ’ ಎಂದು ಬೆನ್ನು ತಟ್ಟಿದರೆ ಸಾಕು, ಮುಂದಿನ ಸಲವೂ ಇವರೇ ಎಂದು ಅಡಿಗೆ ಭಟ್ಟರ ಮುಂದೆಯೇ ಘೋಷಿಸುತ್ತೇವೆ. ಹಾಗಾಗಿ ವೈಶಾಖ ಬಂತೆಂದರೆ ಶಾಸಕರಿಗೆ ಬಿಡುವಿಲ್ಲ. ಕಾಲುಸಂಕದ ಅರ್ಜಿ ಹಿಡಿದವರು ಕಲ್ಯಾಣ ಮಂಟಪಕ್ಕೇ ಹೋಗಬಹುದು, ಎರಡನೇ ಪಂಕ್ತಿಯ ಹೊತ್ತಿಗೆ.