ಹುಲ್ಲಿಲ್ಲದ ಹುಲ್ಲಾಟ

2026ರ ಗ್ಲಾಸ್ಗೋ ಕಾಮನ್‌ವೆಲ್ತ್ ಪಟ್ಟಿಯಿಂದ ಹಾಕಿ ಹೋಯಿತು, ಕುಸ್ತಿ ಹೋಯಿತು, ಬ್ಯಾಡ್ಮಿಂಟನ್ನೂ ಹೋಯಿತು. ಹುಲ್ಲುಹಾಸಿನ ಮೇಲೆ ದೊಡ್ಡ ಚೆಂಡನ್ನು ಉರುಳಿಸಿ ಗುರಿಯ ಪುಟ್ಟ ಚೆಂಡಿನ ಹತ್ತಿರ ನಿಲ್ಲಿಸುವ ಲಾನ್ ಬೌಲ್ಸ್ ಉಳಿಯಿತು. ಸಂತೋಷ. ಆದರೆ ಆಟ ಒಳಾಂಗಣದಲ್ಲಂತೆ. ಬೌಲ್ಸ್ ಇಟ್ಟುಕೊಂಡು ಲಾನನ್ನು ಮನೆಗೆ ಕಳಿಸಿದ್ದಾರೆ. ಅದೂ ಈ ಆಟದ ನಿಯಮಗಳನ್ನು ಹತ್ತೊಂಬತ್ತನೇ ಶತಮಾನದಲ್ಲಿ ಕೂಡಿಸಿ ಬರೆದ ಊರಿನಲ್ಲೇ!

ಹುಲ್ಲಿನ ವಿಷಯದಲ್ಲಿ ಬ್ರಿಟನ್ನಿನವರು ಮೊದಲಿನಿಂದಲೂ ಬಲು ಲೆಕ್ಕಾಚಾರದವರು. ಎಂಟನೇ ಹೆನ್ರಿ 1541ರಲ್ಲಿ ಕಾನೂನು ತಂದ: ಕೂಲಿಯವರು, ಕಸುಬುದಾರರು, ಆಳುಕಾಳುಗಳು ಬೌಲ್ಸ್ ಆಡಕೂಡದು, ಬಿಲ್ಲುವಿದ್ಯೆ ಕೆಡುತ್ತದೆ. ಕ್ರಿಸ್‌ಮಸ್‌ಗೆ ವಿನಾಯಿತಿ, ಅದೂ ಧಣಿಯ ಮನೆಯಲ್ಲಿ ಇಲ್ಲವೇ ಧಣಿಯ ಕಣ್ಣೆದುರು. ವರ್ಷಕ್ಕೆ 100 ಪೌಂಡ್ ಹುಟ್ಟುವಳಿಯ ಜಮೀನಿದ್ದವನು ಲೈಸೆನ್ಸ್ ಪಡೆದು ತನ್ನ ಅಂಗಳದಲ್ಲಿ ಆಡಬಹುದು. ಜಮೀನ್ದಾರರ ಬಾಣ ತಾನಾಗಿ ಗುರಿ ಮುಟ್ಟುತ್ತಿತ್ತೋ ಏನೋ. ಮಹಾಸ್ವಾಮಿಯ ಅರಮನೆಯಲ್ಲಂತೂ ಆಟ ನಡೆದೇ ಇತ್ತು. ಬಂದೂಕು ಬಂದು ಬಿಲ್ಲು ಮೂಲೆ ಸೇರಿದರೂ ಕಾನೂನು 1845ರವರೆಗೆ ಅಲ್ಲಾಡಲಿಲ್ಲ.

ಆಟವನ್ನು ಬಡವನ ಕೈಗಿತ್ತದ್ದು ಪಾರ್ಲಿಮೆಂಟಿಗಿಂತ ಹೆಚ್ಚಾಗಿ ಒಂದು ಯಂತ್ರ. ಗಿರಣಿಯಲ್ಲಿ ಉಣ್ಣೆಬಟ್ಟೆಯ ಜುಂಗು ಕತ್ತರಿಸುವುದನ್ನು ನೋಡಿದ ಎಡ್ವಿನ್ ಬಡ್ಡಿಂಗ್ 1830ರಲ್ಲಿ ಹುಲ್ಲಿಗೂ ಅಂಥದೇ ಒಂದು ಮಾಡಿದ. ಅಲ್ಲಿಯವರೆಗೆ ಕುಡುಗೋಲಿನ ಆಳುಗಳನ್ನು ಸಾಕಿದವನಿಗೇ ಮಟ್ಟಸ ಹುಲ್ಲು. ಇದೇನು ಷೋಕಿಯಲ್ಲ. ಬೌಲು ಪೂರ್ತಿ ದುಂಡಗಿರುವುದಿಲ್ಲ; ಸುಮಾರು ಒಂದೂವರೆ ಕಿಲೋ ತೂಗುವ ಅದರ ಒಂದು ಮಗ್ಗುಲು ಓರೆ. ಜೋರಿನಲ್ಲಿರುವಾಗ ಹೆಚ್ಚುಕಮ್ಮಿ ಸೀದಾ ಓಡಿ, ವೇಗ ಕುಗ್ಗಿದಂತೆ ಒಳಕ್ಕೆ ವಾಲುತ್ತದೆ. ಹುಲ್ಲು ಬೆಳೆದಿದ್ದರೆ, ಒದ್ದೆಯಾಗಿದ್ದರೆ, ವಾಲುವ ಮೊದಲೇ ನಿಂತುಬಿಡುತ್ತದೆ. ಚಿಕ್ಕ ಗುರುತಿನ ಮಗ್ಗುಲು ಒಳಗಡೆಗಿರಬೇಕು; ಮರೆತು ತಿರುಗಿಸಿ ಹಿಡಿದಿರೋ, ನಿಮ್ಮ ಬೌಲು ಜ್ಯಾಕನ್ನು, ಅಂದರೆ ಗುರಿಯ ಆ ಪುಟ್ಟ ಚೆಂಡನ್ನು, ಬಿಟ್ಟು ಪಕ್ಕದವರ ಅಂಕಣಕ್ಕೆ ನೆಂಟಸ್ತಿಕೆಗೆ ಹೋಗುತ್ತದೆ.

ಆದ್ದರಿಂದ ಹುಲ್ಲು ಐದು ಮಿಲಿಮೀಟರ್ ಆಸುಪಾಸಿನಲ್ಲೇ ಇರಬೇಕು. ಈಗ ಅಲ್ಲಿನ ಎಷ್ಟೋ ನಗರಸಭೆಗಳಿಗೆ ಆ ಐದು ಮಿಲಿಮೀಟರೇ ಭಾರ. ದುಡ್ಡಿಲ್ಲ, ಕ್ಲಬ್ಬಿನ ಹಿರಿಯರೇ ಕತ್ತರಿಸಿಕೊಳ್ಳಲಿ ಎನ್ನುತ್ತವೆ. ಹೆನ್ರಿಗೂ ಬಿಲ್ಲೇ ನೆಪ, ಇವರಿಗೂ ಬಿಲ್ಲೇ ನೆಪ.

ನಾವೇನು ಕಮ್ಮಿ? 2022ರ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಲವ್ಲಿ ಚೌಬೆ, ಪಿಂಕಿ ಸಿಂಗ್, ನಯನಮೋನಿ ಸೈಕಿಯಾ, ರೂಪಾ ರಾಣಿ ಟಿರ್ಕಿ ದಕ್ಷಿಣ ಆಫ್ರಿಕಾವನ್ನು 17-10ರಿಂದ ಸೋಲಿಸಿ ಚಿನ್ನ ಗೆದ್ದ ಸಂಜೆ ಊರೂರಲ್ಲೂ ಪಂಡಿತರು ಎದ್ದರು: "ನಮ್ಮ ಗೋಲಿ ಆಟದ ಥರಾನೇ ಅಲ್ವೇನ್ರೀ?" ಮರುದಿನ ಮತ್ತೆ ಕ್ರಿಕೆಟ್ಟು. ಗೆದ್ದವರಲ್ಲಿ ಒಬ್ಬಾಕೆ ಪೊಲೀಸ್ ಕಾನ್‌ಸ್ಟೆಬಲ್, ಒಬ್ಬಾಕೆ ಶಾಲೆಯ ಪಿಟಿ ಟೀಚರ್. ಅಭಿನಂದನೆಯ ಫ್ಲೆಕ್ಸಿಗೆ ನಮ್ಮಲ್ಲಿ ಯಾವತ್ತೂ ಜಾಗ ಇರುತ್ತದೆ. ನಲವತ್ತು ಮೀಟರ್ ಹುಲ್ಲಿಗೆ ಇಲ್ಲ. ಇರುವ ಹುಲ್ಲಿನ ಮೇಲೆ ಬೋರ್ಡು ನೆಟ್ಟಿದ್ದಾರೆ: "ಹುಲ್ಲಿನ ಮೇಲೆ ನಡೆಯಬಾರದು."