ಟ್ರಿಬ್ಯೂಟ್ ಅಂದ ತಕ್ಷಣ ಮೂಗು ಮುರಿಯುವವರಿಗೆ

ಟ್ರಿಬ್ಯೂಟ್ ಗಿಟಾರಿಸ್ಟ್, ಅಂದರೆ ಹಳೆಯ ಕಲಾವಿದರೊಬ್ಬರ ಸಂಗೀತವನ್ನೇ ನುಡಿಸುವವರ ಕಾರ್ಯಕ್ರಮಕ್ಕೆ ಹೋಗಿದ್ದೆ ಅಂದ್ರೆ ಸಂಗೀತ ಬಲ್ಲ ಗೆಳೆಯರೇ ಮೂಗು ಮುರಿಯುತ್ತಾರೆ. "ಮೂಲ ರೆಕಾರ್ಡಿಂಗೇ ಇದೆಯಲ್ಲ, ನಕಲು ಕೇಳೋಕೆ ದುಡ್ಡು ಯಾಕೆ ಕೊಡ್ಬೇಕು?" ಅಂತಾರೆ. ಈ ಮಾತನ್ನು ನಾನು ಒಪ್ಪುವುದಿಲ್ಲ. ಯಾಕೆ ಅಂತ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ನಾನು ಕೇಳಲು ಹೋಗಿದ್ದು ಅಮೆರಿಕದ ರಾಕ್ ಗಿಟಾರಿಸ್ಟ್ ಜಿಮಿ ಹೆಂಡ್ರಿಕ್ಸ್ ಸಂಗೀತ ನುಡಿಸುವವರನ್ನು. ಚಿಕ್ಕ ಕ್ಲಬ್. ವೇದಿಕೆ ಮೊಣಕಾಲೆತ್ತರ ಅಷ್ಟೇ. ಮುಂದೆ ನಿಂತರೆ ತಂತಿ ನಡುಗುವುದು ಕಣ್ಣಿಗೆ ಕಾಣುತ್ತದೆ. ಹೆಂಡ್ರಿಕ್ಸ್ ತೀರಿಕೊಂಡಿದ್ದು 1970ರ ಸೆಪ್ಟೆಂಬರ್ 18ರಂದು, ಲಂಡನ್ನಿನಲ್ಲಿ. ಬರೀ 27 ವರ್ಷ. ಅವನನ್ನು ಎದುರು ನಿಂತು ಕೇಳುವ ಭಾಗ್ಯ ನಮ್ಮ ತಲೆಮಾರಿಗೆ ಇಲ್ಲ. ಉಳಿದಿರುವುದು ರೆಕಾರ್ಡಿಂಗ್. ಬೇರೆ ಯಾರದ್ದಾದರೂ ಸಂಗೀತಕ್ಕೆ ಅದು ಸಾಕಾಗಬಹುದು. ಇವನದ್ದಕ್ಕೆ ಸಾಲದು.

ಕಾರಣ ಫೀಡ್‌ಬ್ಯಾಕ್. ಗಿಟಾರಿನ ಪಿಕಪ್ ತಂತಿಯ ನಡುಕವನ್ನು ಹಿಡಿದು, ಸದ್ದು ಜೋರು ಮಾಡುವ ಪೆಟ್ಟಿಗೆಯಾದ ಆಂಪ್‌ಗೆ ಕಳಿಸುತ್ತದೆ. ಆಂಪ್ ತುಂಬಾ ಜೋರಾದಾಗ ಅದರ ಸದ್ದೇ ವಾಪಸ್ ಬಂದು ತಂತಿಯನ್ನು ಅಲುಗಿಸುತ್ತದೆ. ಪಿಕಪ್ ಅದನ್ನೂ ಹಿಡಿಯುತ್ತದೆ. ಹೀಗೆ ಸುತ್ತಿ ಸುತ್ತಿ ಸ್ವರ ಸಾಯದೆ ಬೆಳೆಯುತ್ತಲೇ ಹೋಗುತ್ತದೆ. ಹೆಂಡ್ರಿಕ್ಸ್‌ಗಿಂತ ಮುಂಚೆಯೂ ಇದನ್ನು ಬಳಸಿದವರಿದ್ದರು. ಆದರೆ ಅದನ್ನು ಇಷ್ಟೊಂದು ಮಾತಾಡಿಸಿದವನು ಅವನು. 1969ರ ಆಗಸ್ಟ್ 18ರ ಬೆಳಿಗ್ಗೆ, ಅಮೆರಿಕದ ದೊಡ್ಡ ಸಂಗೀತೋತ್ಸವವಾದ ವುಡ್‌ಸ್ಟಾಕ್‌ನಲ್ಲಿ, ಬಹಳಷ್ಟು ಜನ ಮನೆಗೆ ಹೋದ ಮೇಲೆ, ಅಮೆರಿಕದ ರಾಷ್ಟ್ರಗೀತೆಯೊಳಗೇ ಬಾಂಬು, ಸೈರನ್ನು ಎಲ್ಲವನ್ನೂ ಕೇಳಿಸಿದನಲ್ಲ, ಅದು ಇದೇ.

ಈಗ ಕ್ಲಬ್ಬಿಗೆ ಬರೋಣ. ಒಂದು ನಿಧಾನದ ಹಾಡಿನ ಕೊನೆಗೆ ನಮ್ಮ ಗಿಟಾರಿಸ್ಟ್ ಒಂದು ಸ್ವರ ಹಿಡಿದು ನಿಂತರು. ಬಲಗೈ ತಂತಿಯಿಂದ ಎತ್ತಿಬಿಟ್ಟರು. ಸ್ವರ ಇಳಿಯತೊಡಗಿತು. ಆಗ ಆಂಪ್ ಕಡೆ ಅರ್ಧ ಹೆಜ್ಜೆ ಹಿಂದೆ ಸರಿದು ಸೊಂಟ ಸ್ವಲ್ಪ ತಿರುಗಿಸಿದರು, ಅಷ್ಟೇ. ಇಳಿಯುತ್ತಿದ್ದ ಸ್ವರ ಉಬ್ಬಿಕೊಂಡು ಬಂತು. ಇನ್ನೊಂಚೂರು ತಿರುಗಿದರು. ಅದು ಹಾಗೇ ಮಗುಚಿಕೊಂಡು ಮೇಲಿನ ಸ್ವರಕ್ಕೆ ಹಾರಿತು. ಗಾಳಿಪಟದ ದಾರವನ್ನು ಎಳೆದು ಸಡಿಲ ಬಿಡುವ ಹಾಗೆ ಮೈಯಿಂದಲೇ ಅದನ್ನು ಆಡಿಸುತ್ತಿದ್ದರು. ಎದೆಗೂಡು ಅದುರುತ್ತಿತ್ತು. ಇಷ್ಟು ವರ್ಷ ಹೆಡ್‌ಫೋನ್‌ನಲ್ಲಿ ಕೇಳಿದ ಸಂಗೀತದಲ್ಲಿ ಗಿಟಾರ್ ಜೊತೆಗೆ ಒಂದು ಕೋಣೆಯೂ ಇತ್ತು, ಗಾಳಿಯೂ ಇತ್ತು ಅನ್ನೋದು ಆಗ ಮೈಗೆ ತಟ್ಟಿತು. ರೆಕಾರ್ಡಿಂಗ್ ಅವನ ಸ್ವರಗಳನ್ನು ಕೊಡುತ್ತದೆ. ಆ ಒತ್ತಡವನ್ನು ಕೊಡಲು ಒಬ್ಬ ಮನುಷ್ಯ, ಒಂದು ಆಂಪ್, ನಾಲ್ಕು ಗೋಡೆ ಬೇಕೇ ಬೇಕು.

ಗಿಟಾರಿನ ವಿಷಯಾನೂ ಹೇಳಬೇಕು. ಹೆಂಡ್ರಿಕ್ಸ್ ಎಡಗೈಯವನು. ಬಲಗೈಯವರಿಗೆ ಮಾಡಿದ ಸ್ಟ್ರಾಟೋಕ್ಯಾಸ್ಟರ್ ಗಿಟಾರ್ ತಗೊಂಡು ತಲೆಕೆಳಗು ಮಾಡಿ, ತಂತಿಗಳನ್ನು ತನಗೆ ಬೇಕಾದ ಹಾಗೆ ಮತ್ತೆ ಕಟ್ಟಿಕೊಳ್ಳುತ್ತಿದ್ದ. ಇದು ಬರೀ ನೋಟದ ವಿಷಯ ಅಲ್ಲ. ಸ್ಟ್ರಾಟ್‌ನಲ್ಲಿ ಬ್ರಿಡ್ಜ್ (ಗಿಟಾರಿನ ಮೈಮೇಲೆ ತಂತಿಗಳು ಕೂರುವ ಪಟ್ಟಿ) ಹತ್ತಿರದ ಪಿಕಪ್ ಓರೆಯಾಗಿ ಕೂತಿರುತ್ತದೆ. ಗಿಟಾರ್ ತಿರುಗಿಸಿದರೆ ಆ ಓರೆಯೂ ಉಲ್ಟಾ ಆಗುತ್ತದೆ. ದಪ್ಪ ತಂತಿಗಳು ಚುರುಕಾಗಿ ಕೇಳುತ್ತವೆ, ತೆಳು ತಂತಿಗಳು ದುಂಡಗಾಗುತ್ತವೆ. ನಾನು ನೋಡಿದವರು ಬಲಗೈಯವರು. ಅದಕ್ಕೇ ಎಡಗೈ ಗಿಟಾರ್ ತಗೊಂಡು ತಿರುಗಿಸಿಕೊಂಡಿದ್ದರು. ಹಾಗೆ ಮಾಡಿದರೆ ವಾಲ್ಯೂಮ್ ಗುಂಡಿ ಮೇಲಕ್ಕೆ ಬರುತ್ತದೆ, ನುಡಿಸುವಾಗ ಮುಂಗೈಗೆ ತಾಗುತ್ತಲೇ ಇರುತ್ತದೆ. ಅದನ್ನೂ ಇವರು ಸಂಗೀತಕ್ಕೇ ಬಳಸಿಕೊಂಡರು. ಸದ್ದನ್ನು ಒರಟಾಗಿಸುವ, ಕಾಲಿನಿಂದ ಒತ್ತುವ ಫಝ್ ಪೆಡಲ್ ಆಫ್ ಮಾಡದೆ, ಗುಂಡಿಯನ್ನು ಒಂಚೂರು ಇಳಿಸುತ್ತಿದ್ದರು. ಒರಟು ಸದ್ದು ತಿಳಿಯಾಗುತ್ತಿತ್ತು. ಮತ್ತೆ ಏರಿಸಿದರೆ ಗುಡುಗು. ಕಾಲು ಪೆಡಲ್ ಕಡೆ ಹೋಗಲೇ ಇಲ್ಲ.

ಗಿಟಾರಿನ ಕುತ್ತಿಗೆ ಹಿಡಿದ ಕೈಯ ಹೆಬ್ಬೆರಳನ್ನೂ ನೋಡಿ. ಮೇಲಿನಿಂದ ಬಾಗಿ ದಪ್ಪ ತಂತಿಯನ್ನು ಒತ್ತುತ್ತದೆ. ಉಳಿದ ನಾಲ್ಕು ಬೆರಳಿಗೆ ಬಿಡುವು ಸಿಗುತ್ತದೆ. ಕಾರ್ಡ್ (ಒಟ್ಟಿಗೆ ನುಡಿಯುವ ಸ್ವರಗಳು) ಮತ್ತು ರಾಗ ಒಟ್ಟೊಟ್ಟಿಗೆ ಬರುವುದು ಹೀಗೆ. ದೊಡ್ಡ ಸ್ಟೇಡಿಯಂನಲ್ಲಿ ಇದು ಪರದೆಯ ಮೇಲೂ ಸರಿಯಾಗಿ ಕಾಣುವುದಿಲ್ಲ.

ವೇಷದ ಬಗ್ಗೆ ನನ್ನ ಅಭಿಪ್ರಾಯ ಬೇರೆ. ತಲೆಗೆ ಪಟ್ಟಿ, ಜೂಲು ಜೂಲಿನ ಜಾಕೆಟ್, ಹಲ್ಲಿನಿಂದ ನುಡಿಸುವುದು, ಬೆನ್ನ ಹಿಂದೆ ನುಡಿಸುವುದು ಇವೆಲ್ಲ ಇದ್ದರೂ ಸರಿ, ಇಲ್ಲದಿದ್ದರೂ ಸರಿ. 1967ರ ಜೂನ್‌ನಲ್ಲಿ ಮಾಂಟೆರಿ ಸಂಗೀತೋತ್ಸವದಲ್ಲಿ ಅವನು ಗಿಟಾರಿಗೆ ಬೆಂಕಿ ಇಟ್ಟಿದ್ದು ಎಲ್ಲರಿಗೂ ಗೊತ್ತು. ಆದರೆ ಜನ ಬರೀ ಅಂಥದ್ದನ್ನೇ ಕೇಳತೊಡಗಿದಾಗ ಅವನಿಗೇ ಬೇಸರ ಬಂದಿತ್ತು. ಟ್ರಿಬ್ಯೂಟ್ ಮಾಡುವವರು ಅದನ್ನೇ ಹಿಡಿದುಕೊಂಡರೆ ಅವನಿಗೆ ಬೇಡವಾಗಿದ್ದನ್ನೇ ಮುಂದುವರಿಸಿದ ಹಾಗೆ ಅಲ್ವಾ?

ನಾನು ಕಾಯುವುದು ಇನ್ನೊಂದಕ್ಕೆ. ರೆಕಾರ್ಡಿನಲ್ಲಿ ಇರುವ ಸೋಲೋವನ್ನು ಸ್ವರ ಸ್ವರಕ್ಕೂ ತಪ್ಪದೆ ನುಡಿಸಿದ ಮೇಲೆ ಏನು? ಹೆಂಡ್ರಿಕ್ಸ್ ಒಂದೇ ಹಾಡನ್ನು ಎರಡು ರಾತ್ರಿ ಒಂದೇ ಥರ ನುಡಿಸಿದವನಲ್ಲ. ಹಾಗಾಗಿ ರೆಕಾರ್ಡಿಗೇ ಅಂಟಿಕೊಂಡವರು ಅವನಿಂದ ದೂರವೇ ಉಳಿಯುತ್ತಾರೆ. ಇವರು ಮೊದಲ ಸುತ್ತು ರೆಕಾರ್ಡಿನಂತೆಯೇ ನುಡಿಸಿದರು. ಆಮೇಲೆ ದಡ ಬಿಟ್ಟರು. ಒಂದು ಸಲ ವ್ಯಾಮಿ ಬಾರ್ (ತಂತಿಗಳನ್ನು ಸಡಿಲಿಸಿ ಸ್ವರ ಬಾಗಿಸುವ ಕಡ್ಡಿ) ಜೋರಾಗಿ ಒತ್ತಿದ್ದಕ್ಕೆ ತಂತಿ ಶ್ರುತಿ ತಪ್ಪಿತು. ಹಾಡು ನಿಲ್ಲಿಸಲಿಲ್ಲ. ಬಾರಿಸುತ್ತಲೇ ಬಿರಡೆ ತಿರುವಿ, ಶ್ರುತಿಗೆ ಏರುವ ಆ ಸ್ವರವನ್ನೇ ಸೋಲೋದ ಒಂದು ಸಾಲು ಮಾಡಿಬಿಟ್ಟರು. ಹೆಂಡ್ರಿಕ್ಸ್ ಕೂಡ ಹಾಡಿನ ನಡುವೆಯೇ ಶ್ರುತಿ ಸರಿ ಮಾಡಿಕೊಳ್ಳುತ್ತಿದ್ದ. ಅದನ್ನು ಯಾವ ನೊಟೇಶನ್ ಪುಸ್ತಕವೂ ಕಲಿಸುವುದಿಲ್ಲ.

ಇನ್ನು ನಕಲು ಅನ್ನುವವರಿಗೆ ಒಂದು ಮಾತು. ಬೀಥೋವನ್ ನುಡಿಸುವ ಪಿಯಾನೋ ಕಲಾವಿದರನ್ನು ಯಾರೂ ಹಾಗೆ ಕೇಳುವುದಿಲ್ಲ. ಹೆಂಡ್ರಿಕ್ಸ್ ಕೂಡ ಲಿಟ್ಲ್ ರಿಚರ್ಡ್, ಐಸ್ಲಿ ಬ್ರದರ್ಸ್ ಹಿಂದೆ ನಿಂತು ನುಡಿಸಿ ಕಲಿತವನು. 1967ರ ಜೂನ್ 4ರಂದು ಲಂಡನ್ನಿನ ಸ್ಯಾವಿಲ್ ಥಿಯೇಟರಿನಲ್ಲಿ ಕಾರ್ಯಕ್ರಮ ಶುರು ಮಾಡಿದ್ದೇ ಬೀಟಲ್ಸ್ ಹಾಡಿನಿಂದ. ಆ ಹಾಡಿದ್ದ ಆಲ್ಬಮ್ ಬಂದು ಕೆಲವೇ ದಿನ ಆಗಿತ್ತು, ಬೀಟಲ್ಸ್‌ನ, ಪಾಲ್ ಮೆಕಾರ್ಟ್ನಿ ಎದುರಿಗೇ ಕೂತಿದ್ದರು. ಬಾಬ್ ಡಿಲನ್ ಅವರ ಒಂದು ಹಾಡನ್ನು 1968ರಲ್ಲಿ ಅವನು ಎಷ್ಟು ಬದಲಿಸಿದ ಅಂದರೆ, ಆಮೇಲೆ ಡಿಲನ್ ಅವರೇ ವೇದಿಕೆಯಲ್ಲಿ ಅದನ್ನು ಅವನ ದಾರಿಗೆ ಹತ್ತಿರ ಹಾಡತೊಡಗಿದರು. ಬೇರೆಯವರ ಹಾಡನ್ನು ಪ್ರೀತಿಯಿಂದ ಕೈಗೆತ್ತಿಕೊಳ್ಳುವುದು ಅವನೇ ಮಾಡಿದ ಕೆಲಸ.

ಒಂದು ಕೊರತೆ ಇತ್ತು, ಡ್ರಮ್ಸ್. ಹೆಚ್ಚಿನ ಟ್ರಿಬ್ಯೂಟ್‌ಗಳಲ್ಲಿ ಇದು ಇರುತ್ತದೆ. ಹೆಂಡ್ರಿಕ್ಸ್ ಜೊತೆ ಡ್ರಮ್ಸ್ ನುಡಿಸುತ್ತಿದ್ದ ಮಿಚ್ ಮಿಚೆಲ್ ಜಾಝ್ ಪ್ರಭಾವದಲ್ಲಿ ಬೆಳೆದವರು. ಬರೀ ತಾಳ ಹಿಡಿಯದೆ ಗಿಟಾರಿನ ಜೊತೆ ಮಾತಿಗೆ ಮಾತು ಸೇರಿಸುತ್ತಿದ್ದರು. ಇಲ್ಲಿನ ಡ್ರಮ್ಮರ್ ತಾಳ ಚೆನ್ನಾಗಿ ಹಿಡಿದರು, ಮಾತಾಡಲಿಲ್ಲ. ಗಿಟಾರಿಸ್ಟ್ ಏನೋ ಕೇಳಿ ಕಾದ ಹಾಗೆ ಕೆಲವು ಕಡೆ ಅನ್ನಿಸಿತು.

ಹೋಗುವವರಿಗೆ: ಇಯರ್‌ಪ್ಲಗ್ ಹಾಕಿಕೊಳ್ಳಿ. ಆಂಪ್‌ಗೆ ನೇರ ಎದುರು ನಿಲ್ಲಬೇಡಿ, ಒಂದು ಪಕ್ಕಕ್ಕೆ ಸರಿದು ಕೈ ಕಾಣುವಲ್ಲಿ ನಿಲ್ಲಿ.

ಅವರು ಮತ್ತೆ ಬಂದರೆ ನಾನಂತೂ ಹೋಗುತ್ತೇನೆ. 1970ರ ಹೊಸ ವರ್ಷದ ದಿನ ನ್ಯೂಯಾರ್ಕಿನ ಫಿಲ್‌ಮೋರ್ ಈಸ್ಟ್‌ನಲ್ಲಿ ಬಿಲ್ಲಿ ಕಾಕ್ಸ್ (ಬೇಸ್), ಬಡ್ಡಿ ಮೈಲ್ಸ್ (ಡ್ರಮ್ಸ್) ಜೊತೆ ಹೆಂಡ್ರಿಕ್ಸ್ ನುಡಿಸಿದ್ದ 'ಮಷೀನ್ ಗನ್' ಈ ಸಲ ಇರಲಿಲ್ಲ. ಆಲ್ಬಮ್ಮಿನಲ್ಲಿ ಅದು 12 ನಿಮಿಷಕ್ಕೂ ಜಾಸ್ತಿ ಇದೆ. ಚಿಕ್ಕ ಕ್ಲಬ್ಬಿನಲ್ಲಿ, ಆ ಆಂಪ್ ಎದುರು, ಅದನ್ನು ಪೂರ್ತಿ ಕೇಳಬೇಕು ಅಂತ ಆಸೆ. ಕಾರ್ಯಕ್ರಮ ಮುಗಿದ ಮೇಲೆ ಅವರಿಗೇ ಹೇಳಿ ಬಂದಿದ್ದೇನೆ.