ಮೂರನೆಯ ಅಂಕಣದ ಜಾರುಬಂಡಿ

ಅಚ್ಚುಮೊಳೆ ಜೋಡಿಸುತ್ತಿದ್ದ ಕಾಲದಲ್ಲೇ ಪತ್ರಿಕೆಯವರು ಪುಟಕ್ಕೆ ಎಂಟು ಅಂಕಣ ಕೂರಿಸುತ್ತಿದ್ದರು; ಒಂದಾದರೂ ಜಾರಿ ಕೆಳಗೆ ಬಿದ್ದ ಸುದ್ದಿಯಿಲ್ಲ. ವೆಬ್ ಪುಟದಲ್ಲಿ ಮೂರೇ ಮೂರನ್ನು ಅಕ್ಕಪಕ್ಕ ನೆಟ್ಟಗೆ ನಿಲ್ಲಿಸಲು ನಮಗೆ ಇಪ್ಪತ್ತು ವರ್ಷ ಹಿಡಿಯಿತು.

ವೆಬ್ ಪುಟದ ರೂಪ ಹೇಗಿರಬೇಕೆಂದು ಹೇಳುವ ಭಾಷೆ ಸಿಎಸ್‌ಎಸ್. 1996ರ ಡಿಸೆಂಬರ್‌ನಲ್ಲಿ ಬಂದ ಅದರ ಮೊದಲ ಮಾನದಂಡದಲ್ಲಿ ಬಣ್ಣವಿತ್ತು, ಅಂಚಿತ್ತು, ಅಕ್ಷರದ ಗಾತ್ರವಿತ್ತು. ಅಂಕಣ ಹಾಕುವ ವಿಧಾನವೊಂದನ್ನು ಬಿಟ್ಟು. ಚಿತ್ರದ ಪಕ್ಕದಲ್ಲಿ ಅಕ್ಷರ ಹರಿಯಲೆಂದು ‘ಫ್ಲೋಟ್’ ಎಂಬ ತೇಲಿಸುವ ಸೂಚನೆ ಕೊಟ್ಟಿದ್ದರು. ತೇಲುವುದರ ಮೇಲೆಯೇ ನಾವು ಮನೆ ಕಟ್ಟಿದೆವು.

ಜಾಗ 1,200 ಪಿಕ್ಸೆಲ್. ತಲಾ 400ರ ಮೂರು ಅಂಕಣ. ಲೆಕ್ಕ ಸರಿಯೇ. ಅಂದಕ್ಕಿರಲಿ ಎಂದು ಯಾರೋ ಪ್ರತಿ ಅಂಕಣದ ಸುತ್ತ ಒಂದು ಪಿಕ್ಸೆಲ್ ಗೆರೆ ಎಳೆದರು. ಅಗಲ ಹೇಳುವಾಗ ಗೆರೆ ಲೆಕ್ಕಕ್ಕಿಲ್ಲ, ಜಾಗ ತಿನ್ನುವಾಗ ಉಂಟು! ಮೊತ್ತ 1,206. ಮೂರನೆಯ ಅಂಕಣ ಮರುಮಾತಿಲ್ಲದೆ ಕೆಳಗಿಳಿದು ಕುಳಿತುಬಿಟ್ಟಿತು.

ಆಗಿನ ಬ್ರೌಸರ್ ಇಂಟರ್ನೆಟ್ ಎಕ್ಸ್‌ಪ್ಲೋರರ್ 6ರದು ಇನ್ನೂ ಉದಾರ ಕೈ. ಎಡಕ್ಕೆ ತೇಲಿಸಿದ ಅಂಕಣದ ಪೆಟ್ಟಿಗೆಗೆ ಎಡಗಡೆ ಹತ್ತು ಪಿಕ್ಸೆಲ್ ಅಂತರ ಕೇಳಿದರೆ ಇಪ್ಪತ್ತು ಕೊಡುತ್ತಿತ್ತು. ಇದಕ್ಕೆ ಮದ್ದು ‘ಡಿಸ್‌ಪ್ಲೇ: ಇನ್‌ಲೈನ್’ ಎಂಬ ಸಿಎಸ್‌ಎಸ್ ಸಾಲು. ತೇಲುವ ಪೆಟ್ಟಿಗೆಯ ಮೇಲೆ ಆ ಸಾಲಿಗೆ ಯಾವ ಪರಿಣಾಮವೂ ಇರಕೂಡದು ಎನ್ನುತ್ತದೆ ನಿಯಮ. ಇತ್ತು. ನಾವು ಕಾರಣ ಕೇಳದೆ ಕೈಮುಗಿದೆವು. ಎತ್ತರ ಸಮನಾಗದಿದ್ದಾಗ ಹಿನ್ನೆಲೆಯಲ್ಲಿ ಅಂಕಣದ ಚಿತ್ರ ಅಂಟಿಸಿ, ಸಮನಾಗಿದೆ ಎಂದು ಸಾರಿದೆವು. ತೇಲಿಹೋದ ಮಕ್ಕಳನ್ನು ಮರೆತು, ಅಂಕಣಗಳನ್ನು ಒಳಗಿಟ್ಟುಕೊಂಡ ತಾಯಿಪೆಟ್ಟಿಗೆ ಕುಗ್ಗಿ ಕುಳಿತರೆ ಕೊನೆಯಲ್ಲೊಂದು ಖಾಲಿ ಪೆಟ್ಟಿಗೆಯನ್ನು ಕಾವಲಿಗಿಟ್ಟೆವು. (ಖಾಲಿ ಇದ್ದವನಿಗೇ ಹೊಣೆ ಹೊರಿಸುವುದು ಕಚೇರಿಗಳ ಹಳೆಯ ಪದ್ಧತಿ.)

2017ರ ಮಾರ್ಚ್‌ನಲ್ಲಿ ಕ್ರೋಮ್, ಫೈರ್‌ಫಾಕ್ಸ್, ಸಫಾರಿ ಬ್ರೌಸರ್ ಮೂರಕ್ಕೂ ಅಂಕಣ, ಅಡ್ಡಸಾಲು ಹಾಕಲೆಂದೇ ಇರುವ ‘ಗ್ರಿಡ್’ ವಿಧಾನ ಬಂತು. ಒಂದೇ ಸಾಲಿನಲ್ಲಿ ಮೂರು ಅಂಕಣ, ಎತ್ತರವೂ ಸಮ. ಅಷ್ಟು ಹೊತ್ತಿಗೆ ಸಾಲುಸಾಲಿಗೂ ‘ಉಳಿದ ನಿಯಮಕ್ಕಿಂತ ಇದೇ ಮೇಲು’ ಎನ್ನುವ ‘ಇಂಪಾರ್ಟೆಂಟ್’ ಗುರುತು ಹಚ್ಚುವ ಚಟ ನಮಗೆ ಅಂಟಿಯಾಗಿತ್ತು. ಬಂದವರೆಲ್ಲ ಮುಖ್ಯ ಅತಿಥಿಗಳಾದ ಸಭೆಯಲ್ಲಿ ಹೊಸಬನಿಗೆ ಕುರ್ಚಿ ಕೊಡುವವರಾರು? ಗ್ರಿಡ್‌ನ ಸಮಪಾಲಿಗೂ ಒಂದು ಮರುಷರತ್ತಿದೆ: ಮುರಿಯಲು ಬಾರದ ಉದ್ದನೆಯ ವೆಬ್ ಕೊಂಡಿಯೊಂದು ಒಳಹೊಕ್ಕರೆ ಅದರ ಅಂಕಣವೇ ಉಬ್ಬುತ್ತದೆ. ಕನಿಷ್ಠ ಅಗಲ ಸೊನ್ನೆ ಎಂದು ಬರೆದುಕೊಟ್ಟ ಮೇಲಷ್ಟೇ ಪಾಲು ಸಮ.

ಇಷ್ಟೆಲ್ಲ ಆಗಿ ಮೂರೂ ನೆಟ್ಟಗೆ ನಿಂತವು. ಓದುಗರು ಅಷ್ಟರಲ್ಲಿ ಮೊಬೈಲ್‌ಗೆ ಹೋಗಿದ್ದರು. ಅಲ್ಲಿ ಅಗಲ ಸಾಲದು. ಒಂದರ ಕೆಳಗೊಂದು ಇಳಿಸಬೇಕು. ಮೂರನೆಯ ಅಂಕಣ ಅಂದು ತಾನಾಗಿಯೇ ಮಾಡಿದ್ದನ್ನು ಇಂದು ಪರದೆಯ ಅಗಲ ನೋಡಿ ನಿಯಮ ಬದಲಿಸುವ ‘ಮೀಡಿಯಾ ಕ್ವೆರಿ’ ಬರೆದು ಮಾಡಿಸುತ್ತಿದ್ದೇವೆ.